ಕೆಸರು ಕಾಯುವ ಲೂರ್ದುಸ್ವಾಮಿ

ಮೈಸೂರಿನಲ್ಲಿ ಆನೆ ಕಾಯುವವರಿದ್ದಾರೆ, ಅರಮನೆ ಕಾಯುವವರಿದ್ದಾರೆ, ಗಂಧದ ಕೊರಡು ಕಾಯುವವರೂ ಇದ್ದಾರೆ. ಕೆಸರು ಕಾಯಲು ಸಂಬಳ ಪಡೆಯುವವನು ಮಾತ್ರ, ನನಗೆ ತಿಳಿದ ಮಟ್ಟಿಗೆ, ಲೂರ್ದುಸ್ವಾಮಿ ಒಬ್ಬನೇ. ಅವನದಕ್ಕಿಂತ ಕೀಳಾದ ಕೆಲಸ ನನ್ನದು: ಅವನು ಕೆಸರು ಕಾದನೇ ಇಲ್ಲವೇ ಎಂದು ನೋಡುವ ಗುಮಾಸ್ತೆ ಚೆಲುವರಾಜು ನಾನು. ಇಂಟರ್‌ಮೀಡಿಯೆಟ್ಟಿನಲ್ಲಿ ರಸಾಯನಶಾಸ್ತ್ರ ನನ್ನನ್ನು ಎರಡು ಸಲ ಕೈಬಿಟ್ಟಿತ್ತು. ಮೂರನೆಯ ಸಲ ಅದಕ್ಕೆ ಆ ತೊಂದರೆ ಕೊಡುವುದು ಬೇಡವೆಂದು ಚಾಮರಾಜಪುರದಾಚೆಯ ಈ ಎಣ್ಣೆ ಗೋದಾಮು ಸೇರಿದ್ದೆ.

ಗೋದಾಮಿನ ಹಿಂದೆ ಇಟ್ಟಿಗೆಗೆ ಮಣ್ಣು ತೆಗೆದ ಹಳೆಯ ಗುಂಡಿ, ತುಂಬ ನೀರು. ನಾನು ಸೇರುವ ಎಷ್ಟೋ ವರ್ಷ ಮೊದಲು ಪೀಪಾಯಿಗಳು ಸೋರಿ ಕರಿ ಎಣ್ಣೆಯೆಲ್ಲ ಅದರೊಳಕ್ಕೆ ಹರಿದಿತ್ತಂತೆ. ಮೇಲೆ ತೇಲಿದ್ದು ಬಿಸಿಲು ಗಾಳಿಗೆ ಹೋಯಿತು; ಮಣ್ಣಿಗೆ ಅಂಟಿದ್ದು ಮಳೆಯ ಹೂಳಿನಡಿ ಮಲಗಿತು. ಎಂದಾದರೂ ನೀರು ಮೊಗೆಸಿ, ಕೆಸರು ಹಿಂಡಿ, ಎಣ್ಣೆ ತೆಗೆಸಬೇಕೆಂಬುದು ಮ್ಯಾನೇಜರ್ ಅನಂತಪದ್ಮನಾಭಯ್ಯನವರ ಆಸೆ. ಅವರು ಅದನ್ನು ‘ನಿಧಿ’ ಎಂದೇ ಕರೆಯುತ್ತಿದ್ದರು. ನಿಧಿ ಎಂದಮೇಲೆ ಕಾಯಲು ಸರ್ಪ ಬೇಡವೇ? ಆ ಸರ್ಪವೇ ನಮ್ಮ ಲೂರ್ದಣ್ಣ.

ಸರ್ಪಕ್ಕೆ ಐವತ್ತು ದಾಟಿತ್ತು. ಹೊಂಗೆ ಮರದಡಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಜಪಮಾಲೆ. ನೀರಿಗಿಳಿಯಲು ಬಂದ ಎಮ್ಮೆಗಳನ್ನು ‘ಏಯ್, ಕಂಪನಿ ಆಸ್ತಿ!’ ಎಂದು ಗದರಿಸುವನು. ಎಮ್ಮೆಗಳು ಕಂಪನಿಗೆ ಹೆದರದಿದ್ದರೂ ಅವನ ಗಂಟಲಿಗೆ ಹೆದರುತ್ತಿದ್ದವು. ‘ನಿಮ್ಮೆಜಮಾನ್ರು ಏನ್ ಕಾಯ್ತಾರಮ್ಮಾ?’ ಎಂದು ಚರ್ಚಿನಲ್ಲಿ ಯಾರಾದರೂ ಕೇಳಿದರೆ ಅವನ ಹೆಂಡತಿ ಆರೋಗ್ಯಮೇರಿ ‘ಖಜಾನೆ ಕಣಮ್ಮ’ ಎಂದು ಮುಸುಕು ಸರಿಮಾಡಿಕೊಳ್ಳುವಳು. ಯಾವ ಖಜಾನೆಯೆಂದು ಹೇಳುತ್ತಿರಲಿಲ್ಲ.

ಮೂವತ್ತೊಂದನೆಯ ಇಸವಿ ಅಕ್ಟೋಬರ್ ಕೊನೆಯಲ್ಲಿ ಅಯ್ಯನವರು ನಿಧಿ ತೆಗೆಯಲು ಹೊರಟರು. ಒಂದು ಮೂಲೆಯಲ್ಲಿ ಆಳುಗಳು ಕೆಸರು ಎತ್ತಿದರು. ಕಾಡಿಗೆಯಷ್ಟು ಕಪ್ಪು, ಕೊಳೆತ ಮೊಟ್ಟೆಯ ನಾತ. ಗೋಣಿಯಲ್ಲಿ ಹಾಕಿ ಹಿಂಡಿದರೆ ಬಂದದ್ದು ನೀರು. ಎಣ್ಣೆ ಹೆಸರಿಗೆ ಒಂದು ಜಿಡ್ಡು.

“ಎಲ್ಲಯ್ಯಾ ಎಣ್ಣೆ?” ಎಂದರು ಅಯ್ಯನವರು, ಲೂರ್ದಣ್ಣನ ಕಡೆ ತಿರುಗಿ.

“ಇಲ್ಲೇ ಇತ್ತು ಬುದ್ಧಿ.”

“ಇತ್ತು ಅಂದ್ರೆ? ಎತ್ಕೊಂಡು ಹೋಗಿ ಮಾರ್ಕೊಂಡ್ಬಿಟ್ಯಾ?”

“ಅಯ್ಯೋ ನಮ್ಮಪ್ಪಾ! ಈ ನಾತ ಹೊತ್ಕೊಂಡೋದ್ರೆ ಯಾರ್ ಬುದ್ಧಿ ಬಾಗ್ಲು ತಗೀತಾರೆ? ನಂಗೇ ನಮ್ಮನೇಲಿ ತಗ್ಯಾಕಿಲ್ಲ!”

ಆಳುಗಳು ನಕ್ಕರು. ಅಯ್ಯನವರು ನಗಲಿಲ್ಲ. “ಒಂದು ವಾರ. ಎಣ್ಣೆ ಎಲ್ಲಿ ಹೋಯ್ತು ಅಂತ ನನ್ನ ಕಣ್ಣಿಗೆ ತೋರಿಸು. ಇಲ್ದಿದ್ರೆ ಆ ಕೋಲು ಇಲ್ಲಿಟ್ಟು ಮನೆಗೆ ನಡಿ.”

ಲೂರ್ದಣ್ಣನ ಮುಖ ನೋಡಲಾಗಲಿಲ್ಲ. ಆ ಕೋಲು ಹೋದರೆ ಅವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಕೆಸರು ಕಾಯುವ ಅನುಭವ ಬೇಕೆಂದು ಯಾರೂ ಕೇಳುವುದಿಲ್ಲವಲ್ಲ. ನನಗೂ ಉತ್ಸಾಹ ಬಂತು. ಫೇಲಾದವನಿಗೆ ಪಾಠ ಹೇಳುವ ಅವಕಾಶ ದಿನವೂ ಸಿಗುತ್ತದೆಯೇ? ವಾಚನಾಲಯದ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಓದಿದ್ದನ್ನು, ಅರ್ಥವಾದಷ್ಟು, ಅವನಿಗೆ ಒಪ್ಪಿಸಿದೆ.

“ಕೇಳು ಲೂರ್ದಣ್ಣ. ಅಮೆರಿಕದಲ್ಲಿ ಎಣ್ಣೆ ಬಾವಿ ತಳದ ನೀರಲ್ಲೂ ಜೀವಗಳಿವೆಯಂತೆ. ಕಣ್ಣಿಗೆ ಕಾಣಲ್ಲ. ಕತ್ತಲಲ್ಲಿರ್ತವೆ. ಗಾಳಿ ಬೇಡ.”

“ಗಾಳಿ ಬ್ಯಾಡ್ವಾ? ಉಸ್ರು?”

“ಅದೇ ಸ್ವಾರಸ್ಯ. ಭೇದಿ ಉಪ್ಪು ಗೊತ್ತಲ್ಲ, ಅಂಥ ಗಂಧಕದ ಉಪ್ಪುಗಳಿಂದ ಉಸಿರು ಎಳೀತವೆ. ಅದಕ್ಕೇ ಈ ನಾತ, ಈ ಕಪ್ಪು. ಆ ಉಪ್ಪು ತೀರಿದ ಮೇಲೆ ಬೇರೆ ಜಾತಿಯವು ಬಂದು ಎಂಜಲು ತಿಂದು ಉರಿಯೋ ಗಾಳಿ ಬಿಡ್ತವೆ. ಹೀಗೇ ನಿಧಾನವಾಗಿ, ವರ್ಷಗಟ್ಲೆ, ಎಣ್ಣೇನೆಲ್ಲ ತಿಂದು ಮಣ್ಣನ್ನ ಶುದ್ಧ ಮಾಡ್ತವೆ. ನಿನ್ನ ಎಣ್ಣೆ ತಿಂದಿದ್ದು ಅವೇ ಅನ್ಸುತ್ತೆ.”

ಲೂರ್ದಣ್ಣ ಗುಂಡಿಯ ಕಡೆ ತಿರುಗಿದ. ಆಮೇಲೆ ಟೋಪಿ ತೆಗೆದು ಶಿಲುಬೆ ಗುರುತು ಹಾಕಿಕೊಂಡ. ನನ್ನ ವಿಜ್ಞಾನಕ್ಕೆ ಇಷ್ಟು ಗೌರವ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ. ಹಿಗ್ಗಿಹೋದೆ.

ಅವನಿಗೆ ಅರ್ಥವಾದದ್ದೇ ಬೇರೆ. ಚಿಕ್ಕಪುಟ್ಟ ಪಾಪ ಉಳಿಸಿಕೊಂಡು ಸತ್ತವರು ಮೋಕ್ಷಕ್ಕೆ ಮುಂಚೆ ಶುದ್ಧಿಯಾಗುವ ತಾಣವೊಂದಿದೆ, ಅದನ್ನು ಅವನ ಚರ್ಚಿನವರು ‘ಉತ್ತರಿಸುವ ಸ್ಥಳ’ ಎನ್ನುತ್ತಾರೆ. ಕಣ್ಣಿಗೆ ಕಾಣದವು, ಉಸಿರಿಲ್ಲದವು, ಕತ್ತಲು, ಗಂಧಕ, ವರ್ಷಗಟ್ಟಲೆ ಶುದ್ಧಿ. ಇನ್ನೇನು ಬೇಕು? ಇಷ್ಟು ದಿನ ತಾನು ಕಾದದ್ದು ಕಂಪನಿಯ ಎಣ್ಣೆಯನ್ನಲ್ಲ, ಆತ್ಮಗಳನ್ನು ಎಂದು ಅವನು ಹೆಂಡತಿಗೆ ಹೇಳಿದ. ‘ಅಂಗಾದ್ರೆ ನಿಮ್ಮವ್ವನೂ ಅಲ್ಲೇ ಇರ್ಬೇಕು, ಬದುಕಿದ್ದಾಗ್ಲೂ ಎಣ್ಣೆ ಅಂದ್ರೆ ಬುಡ್ತಿರ್ಲಿಲ್ಲ’ ಎಂದಳಂತೆ ಆರೋಗ್ಯಮೇರಿ.

ನವೆಂಬರ್ ಎರಡು ಅವರಿಗೆ ಆತ್ಮಗಳ ಹಬ್ಬ. ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚುವ ದಿನ. ಅಯ್ಯನವರ ಗಡುವೂ ಅಂದೇ ಮುಗಿಯುತ್ತಿತ್ತು. ಸಂಜೆ ಅವರ ಜೊತೆ ನಾನು ಗುಂಡಿಯ ಹತ್ತಿರ ಹೋದರೆ ಲೂರ್ದಣ್ಣ ತೆಂಗಿನ ಚಿಪ್ಪುಗಳಲ್ಲಿ ಬತ್ತಿ ಹಚ್ಚಿ ದಡದುದ್ದಕ್ಕೂ ತೇಲಿಬಿಟ್ಟಿದ್ದಾನೆ! ಗಂಡ ಹೆಂಡತಿ ಇಬ್ಬರೂ ಮೊಣಕಾಲೂರಿದ್ದಾರೆ.

“ಏನಿದು ಲೂರ್ದುಸ್ವಾಮಿ?”

“ಎಣ್ಣೆ ತಿಂದೋರು ಬುದ್ಧಿ. ಗುಮಾಸ್ತ್ರೇ ಏಳವ್ರೆ. ಪಾಪ, ಉಸ್ರಿಲ್ಲ ಅವಕ್ಕೆ.”

ಅಯ್ಯನವರು ನನ್ನ ಕಡೆ ತಿರುಗಿದರು. ನಾನು ಆಕಾಶದ ಕಡೆ ತಿರುಗಿದೆ.

“ಎಲ್ಲಿ, ತೋರಿಸು ನೋಡೋಣ!” ಎಂದು ಅವರು ನೀರಿನ ಮೇಲೆ ಬಗ್ಗಿದರು. ಲೂರ್ದಣ್ಣ ಮಲಗಿದ್ದವರನ್ನು ಎಬ್ಬಿಸುವಂತೆ ಕೋಲಿನಿಂದ ತಳವನ್ನು ಮೆಲ್ಲಗೆ ಕೆದಕಿದ. ಬುಳುಬುಳು ಎಂದು ಗುಳ್ಳೆಗಳು ಎದ್ದು ಒಂದು ಚಿಪ್ಪಿನ ಪಕ್ಕದಲ್ಲೇ ಒಡೆದವು.

ಭಪ್!

ನೀಲಿ ಜ್ವಾಲೆಯೊಂದು ನೀರಿನ ಮೇಲೆ ಕುಣಿದು ಹೋಯಿತು. ಹೋಗುವಾಗ ಅಯ್ಯನವರ ಎಡ ಮೀಸೆಯನ್ನೂ ಕರೆದುಕೊಂಡು ಹೋಯಿತು.

“ಅತ್ತೆಮ್ಮಾ!” ಎಂದು ಕಿರುಚಿದಳು ಆರೋಗ್ಯಮೇರಿ.

“ಸ್ವಾಮಿ, ಬರೀ ಎಲೆ ಕೊಳೆತರೂ ಇದೇ ಗಾಳಿ ಬರುತ್ತೆ, ಇದರಿಂದ ಖಂಡಿತವಾಗಿ...” ಎಂದು ನನ್ನೊಳಗಿನ ಶಾಸ್ತ್ರಜ್ಞ ಬಾಯಿ ತೆರೆದ. ಲೂರ್ದಣ್ಣ ನನ್ನ ಕಾಲು ತುಳಿದ. ಶಾಸ್ತ್ರಜ್ಞ ಬಾಯಿ ಮುಚ್ಚಿದ.

ಅಯ್ಯನವರು ಕರಕಲು ವಾಸನೆ ಮೂಸುತ್ತ ಎದ್ದರು. ಎಣ್ಣೆ, ಕಳ್ಳತನ, ನಿಧಿ ಎಲ್ಲ ಅವರ ತಲೆಯಿಂದ ಹಾರಿಹೋಗಿದ್ದವು. “ಅಪಾಯ! ಮಹಾ ಅಪಾಯ! ಇನ್ನು ಈ ಗುಂಡಿ ಹತ್ರ ಒಂದು ನರಪಿಳ್ಳೆ ಸುಳೀಕೂಡದು. ಬೀಡಿ ಸೇದೋರಂತೂ ಕೂಡದೇ ಕೂಡದು. ಕಾವಲು ಹಾಕ್ಬೇಕು ಚೆಲುವರಾಜು, ಗಟ್ಟಿ ಕಾವಲು!”

“ಯಾರನ್ನ ಸ್ವಾಮಿ?”

ಅವರು ಸುತ್ತ ನೋಡಿದರು. ನಾತಕ್ಕೆ ಆಳುಗಳೆಲ್ಲ ಆಗಲೇ ದೂರ ಸರಿದಿದ್ದರು. “ಇವನನ್ನೇ! ಇಲ್ಲಿ ಇನ್ಯಾವನು ನಿಲ್ತಾನೆ?”

ಲೂರ್ದಣ್ಣ ಮೊಣಕಾಲಿನ ಮಣ್ಣು ಕೊಡವಿಕೊಂಡು ಎದ್ದ. ಬತ್ತಿಗಳನ್ನು ಒಂದೊಂದಾಗಿ ಆರಿಸಿದ. ಕೋಲನ್ನು ಅಯ್ಯನವರಿಗೂ ಗುಂಡಿಗೂ ನಡುವೆ ಅಡ್ಡ ಹಿಡಿದ.

“ಸರೀರಿ ಬುದ್ಧಿ, ಇಂದಕ್ಕೆ ಸರೀರಿ. ಯಾರೂ ಬರಕೂಡ್ದಂತೆ.”