ಜಾವೀದನ ಗಾಜಿನ ತೊರೆ

ಲೋಹಿತ್ ಅವನನ್ನು ಮೊದಲ ಸಲ ಕಂಡಾಗ, ಸಕಲೇಶಪುರದ ಮೆಣಸಿನ ವ್ಯಾಪಾರಿ ಜಾವೀದ್ ಹೊಂಗಡಹಳ್ಳದ ತೊರೆಯಲ್ಲಿ ಪ್ಯಾಂಟು ಮಡಚಿ ನಿಂತು, ಒಂದೊಂದು ಕಲ್ಲಿನ ಮೇಲೂ ಚೊಂಬಿನಿಂದ ನೀರು ಸುರಿದು ಸದ್ದಿಗೆ ಕಿವಿಗೊಡುತ್ತಿದ್ದ. “ಮನೇಲಿ ಹಳ್ಳ ಹರಿಸ್ತಾ ಇದೀನಿ ಕಣ್ರೀ,” ಎಂದ. ನಿಜಕ್ಕೂ ಅವನ ಹಜಾರದ ಗಾಜಿನ ಪೆಟ್ಟಿಗೆಯಲ್ಲಿ ಪಾಚಿ, ಜರಿಗಿಡಗಳ ನಡುವೆ ಪಂಪಿನ ನೀರು ಝರಿಯಾಗಿ ಇಳಿಯುತ್ತಿತ್ತು. ಮೆಣಸು ಮಾರಲು ಬಂದವರೂ ಮೊದಲು ಝರಿಯನ್ನು ಹೊಗಳಬೇಕು. ಆದರೂ ತಿಂಗಳಿಗೊಮ್ಮೆ ಎಲ್ಲವನ್ನೂ ಕಿತ್ತು, ನೀರು ಇನ್ನಷ್ಟು ಎತ್ತರದಿಂದ ಬೀಳುವಂತೆ ಕಟ್ಟುತ್ತಿದ್ದ. “ಜೋಗಾನೇ ತರ್ತೀಯೇನೋ ಮಾರಾಯ?” ಎಂದು, ಅಷ್ಟರಲ್ಲಿ ಗೆಳೆಯನಾಗಿದ್ದ ಲೋಹಿತ್ ಛೇಡಿಸಿದ. “ಈ ಸದ್ದಿಲ್ದೆ ಅಮ್ಮಿಗೆ ನಿದ್ದೆ ಬರಲ್ಲ ಕಣೋ, ಕಿವಿ ಮಂದ ಆಗ್ತಾ ಐತೆ. ಇನ್ನೊಂದು ಗೇಣು ಏರಿಸಿದ್ರೆ ಕೇಳೇ ಕೇಳ್ತೈತೆ,” ಎಂದ ಜಾವೀದ್. ಈಚೆಗೆ ಅವನ ತಾಯಿ ಅಖ್ತರುನ್ನೀಸಾಗೆ ಏನೂ ಕೇಳಿಸುವುದಿಲ್ಲ. ಬೀಳುವ ನೀರಿಗೆ ಅವರು ಕೈಯೊಡ್ಡಲೆಂದು ಜಾವೀದ್ ಈಗ ಗಾಜಿನಲ್ಲಿ ಕಿಂಡಿ ಕೊರೆಯುತ್ತಿದ್ದಾನೆ.