ತಂಬಿಗೆಯಿಲ್ಲದ ಚೀಟಿ

ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಬೆನ್ನು ಮಾಡಿ ನಿಂತಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನೊಂದು ವಸ್ತುಸಂಗ್ರಹಾಲಯ ನಡೆಸುತ್ತೇನೆ. ಅಲ್ಲಿರುವುದು ತಂಬಿಗೆಗಳು ಮಾತ್ರ: ಹಿತ್ತಾಳೆಯವು, ತಾಮ್ರದವು, ಕಂಠ ನೆಗ್ಗಿದವು, ಬುಡಕ್ಕೆ ಬೆಸುಗೆ ಹಾಕಿಸಿಕೊಂಡವು. ಶಾಲೆಯ ನೌಕರಿ ಬಿಟ್ಟ ಮೇಲೆ ತಿಕೋಟಾ, ಬಬಲೇಶ್ವರದ ಓಣಿಗಳನ್ನು ತಿರುಗಿ ಕೂಡಿಸಿದವು. ಪ್ರತಿಯೊಂದರ ಕೆಳಗೂ ಒಂದು ಚೀಟಿ: ಯಾವ ಊರಿನದು, ಯಾರು ನೀರು ಕೊಟ್ಟರು, ಯಾರು ಕುಡಿದರು. ಇಷ್ಟು ತಿಳಿಯದ ತಂಬಿಗೆಗೆ ನನ್ನ ಗೋಡೆಯ ಗೂಡುಗಳಲ್ಲಿ ಜಾಗವಿಲ್ಲ.

“ಅಕ್ಕೋರ, ಮಂದಿ ಈ ಊರಿಗೆ ಗುಮ್ಮಟ ನೋಡಾಕ ಬರ್ತಾರ. ನೀವು ತಂಬಗಿ ತೋರಸಾಕತ್ತೀರಲ್ಲರಿ!” ಎಂದು ಎದುರುಮನೆಯ ಸೈಕಲ್ ರಿಪೇರಿಯವನು ನಗುತ್ತಾನೆ.

“ಗುಮ್ಮಟದಾಗ ಒದರಿದ್ರ ದನಿ ಬರತೈತಿ, ನೀರು ಬರಂಗಿಲ್ಲಪಾ” ಎನ್ನುತ್ತೇನೆ.

ಕಳೆದ ಬೇಸಿಗೆಯಲ್ಲಿ ಘೋಣಸಗಿಯಿಂದ ಒಬ್ಬರು ಬಂದರು. ನನ್ನ ಅವ್ವ ಅವರ ಹೊಲದಲ್ಲಿ ಕೂಲಿ ಮಾಡಿದವಳು. ಅವರ ಕೈಯಲ್ಲಿ ಹುಣಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆಯ ತಂಬಿಗೆ. ಜೊತೆಗೆ ಸ್ಟೇಷನ್ ರಸ್ತೆಯಲ್ಲಿ ಬರೆಸಿದ ಫಲಕ: ‘ಊರಿಗೆಲ್ಲ ನೀರು ಕೊಟ್ಟ ಮನೆತನದ ತಂಬಿಗೆ’.

ಆ ತಂಬಿಗೆಯನ್ನು ನಾನು ಬಲ್ಲೆ. ಕಳೆ ಕಿತ್ತು ಬಂದ ಅವ್ವ ಅವರ ಅಂಗಳದ ಹೊರಗೆ ಬಗ್ಗಿ ಬೊಗಸೆಯೊಡ್ಡುತ್ತಿದ್ದಳು. ಅವಳ ಕೈ ತಾಗದಷ್ಟು ಮೇಲಿನಿಂದ ನೀರು ಸುರಿಯುತ್ತಿದ್ದರು. ಅರ್ಧ ನೀರು ಮೊಣಕೈಗುಂಟ ಇಳಿದು ಮಣ್ಣು ಸೇರುತ್ತಿತ್ತು. ಆಮೇಲೆ ನನ್ನ ಪಾಳಿ. ಎಷ್ಟೋ ವರ್ಷಗಳಿಂದ ನಾನು ಹುಡುಕುತ್ತಿದ್ದದ್ದು ಈ ಒಂದು ತಂಬಿಗೆಯನ್ನೇ.

ಬಂದವರಿಗೆ ನೀರು ಕೊಟ್ಟೆ. ಕುಡಿದು, “ನೀರು ಛಲೋ ಅದಾವ” ಎಂದರು. ನಾನು ಅವರ ಫಲಕವನ್ನು ಪಕ್ಕಕ್ಕಿಟ್ಟು, ನನ್ನ ಚೀಟಿ ಬರೆದು ಗೂಡಿಗೆ ಅಂಟಿಸಿದೆ: ‘ಘೋಣಸಗಿ. ಇದರಿಂದ ನನ್ನ ಅವ್ವನ ಬೊಗಸೆಗೆ, ಮುಟ್ಟಿಸಿಕೊಳ್ಳದೆ, ಮೇಲಿನಿಂದ ನೀರು ಸುರಿಯುತ್ತಿದ್ದರು.’

ಅವರ ಮುಖ ಕಪ್ಪಿಟ್ಟಿತು. “ಇದೇನ್ ಬರದೀರಿ ಅಕ್ಕೋರ? ನಾಕ ಮಂದ್ಯಾಗ ನಮ್ಮ ಮರ್ಯಾದಿ ಏನಾಗಬೇಕು?”

“ಸುಳ್ಳೈತೇನ್ರಿ?”

“ಸುಳ್ಳಂತ ಯಾರಂದ್ರು? ಹಿಂದಿನವ್ರು ಮಾಡಿದ್ದು, ಆಗಿ ಹೋತು. ನೀರಂತೂ ಕೊಟ್ಟೇವಲ್ಲ!”

“ಕೊಟ್ಟೀರಿ. ಹೆಂಗ ಕೊಟ್ಟೀರಿ ಅನ್ನೂದೂ ಇರ್ಲಿ.”

“ಆ ಚೀಟಿ ತಗೀರಿ. ಇಲ್ಲಂದ್ರ ನಮ್ಮ ತಂಬಗಿ ನಮಗ ಕೊಡ್ರಿ.”

ಚೀಟಿ ತೆಗೆದಿದ್ದರೆ ತಂಬಿಗೆ ನನ್ನದಾಗುತ್ತಿತ್ತು. “ಒಯ್ರಿ. ತಂಬಗಿ ನಿಮ್ಮದು, ಚೀಟಿ ನಂದು” ಎಂದೆ. ಅವರು ಫಲಕವನ್ನೂ ತಂಬಿಗೆಯನ್ನೂ ಚೀಲಕ್ಕೆ ತುರುಕಿಕೊಂಡು ನಡೆದರು.

ಆ ಗೂಡು ಇಂದಿಗೂ ಖಾಲಿ. ಚೀಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ‘ತಂಬಿಗೆಯನ್ನು ಅದರ ಮನೆಯವರು ಮರಳಿ ಒಯ್ದಿದ್ದಾರೆ.’ ಅಲ್ಲಿ ಬೇರೊಂದನ್ನಿಡಿ ಎಂದು ಹಿತೈಷಿಗಳು ಹೇಳುತ್ತಾರೆ. ಇಡುವುದಿಲ್ಲ. ನೋಡಲು ಬಂದವರೆಲ್ಲ ಮೊದಲು ಖಾಲಿ ಗೂಡಿನ ಮುಂದೆಯೇ ನಿಲ್ಲುತ್ತಾರೆ, ಚೀಟಿ ಓದುತ್ತಾರೆ. ಅವರು ಓದಿ ಮುಗಿಸುವವರೆಗೆ ಕಾಯ್ದು, ಅಲ್ಲಿಯೇ ನೀರು ಕೊಡುತ್ತೇನೆ, ತುಂಬಿದ ತಂಬಿಗೆಯನ್ನು ಅವರ ಕೈಗೇ ಇಟ್ಟು.