ಹೌದ್ರಿ ಅಂದರೆ ನಂಬದ ಅಕ್ಕಾತಾಯಿ

ಅಕ್ಕಾತಾಯಿ ಮನೆಗೆ ಬಂದರೆ ಮೊದಲು ನನ್ನ ಮುಖ ನೋಡುತ್ತಿರಲಿಲ್ಲ. ಗುಳಿಗೆಯ ಪಟ್ಟಿ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು.

"ದಿನಾ ತಗೋತೀ?"

"ಹೌದ್ರಿ."

"ಹೌದ್ರಿ ಅನ್ನೋರನ್ನ ನಾ ನಂಬೂದಿಲ್ಲವಾ. ಇಲ್ಲ ಅನ್ನೋರು ಖರೇ ಹೇಳ್ತಾರ."

ನಮ್ಮ ಜುಗೂಳದ ಆಶಾ ಕಾರ್ಯಕರ್ತೆ ಆಕೆ. ಚಿಕ್ಕೋಡಿ ಎಂದು ಬೋರ್ಡು ಹಾಕಿಕೊಂಡು ನಿಂತ ಬಸ್ಸನ್ನೂ ನಂಬದೆ ಕಂಡಕ್ಟರನನ್ನು ಕೇಳುತ್ತಿದ್ದಳು. ಹತ್ತಿ ಕೂತ ಮೇಲೆ ಪಕ್ಕದವರನ್ನು ಇನ್ನೊಮ್ಮೆ ಕೇಳುತ್ತಿದ್ದಳು.

ಆಗ ನನ್ನ ಮಗಳಿಗೆ ಹತ್ತು ತಿಂಗಳು. ಚಿಕ್ಕೋಡಿಯಲ್ಲಿ ನನ್ನ ಬಿ.ಎಡ್. ಕೊನೆಯ ವರ್ಷ. "ಇನ್ನೊಂದು ಬಸರು ನಿಂತ್ರ ಓದು ಸಾಕು" ಎಂದು ಅತ್ತೆ ಹೇಳಿಯಾಗಿತ್ತು. ಅದಕ್ಕೇ ಕದ್ದು ಗುಳಿಗೆ. ಗಂಡನಿಗೆ ಗೊತ್ತಿತ್ತು, ಆದರೆ ಗೊತ್ತಿಲ್ಲದವರಂತೆ ಕಬ್ಬಿನ ಗದ್ದೆಗೆ ಹೋಗಿಬಿಡುತ್ತಿದ್ದರು. ಮೊದಲ ಪಟ್ಟಿಯನ್ನು ಅಕ್ಕಾತಾಯಿ ಮಗಳ ಲಸಿಕೆ ಕಾರ್ಡಿನೊಳಗೆ ಮಡಚಿ ಕೊಟ್ಟಳು.

"ಎಲ್ಲಿ ಇಡ್ತೀ?"

"ಬಳಿ ಡಬ್ಬ್ಯಾಗ್ರಿ."

"ಹಬ್ಬಕ್ಕ ನಿಮ್ಮತ್ತಿ ಬಳಿ ತಗೀತಾಳ. ಬ್ಯಾರೆ ಜಾಗಾ ಹೇಳ."

ಕೊನೆಗೆ ಅದು ಬಿ.ಎಡ್. ಪುಸ್ತಕದ ರಟ್ಟಿನೊಳಗೆ ಸೇರಿತು. ಅತ್ತೆ ಮುಟ್ಟದ ವಸ್ತು ಮನೆಯಲ್ಲಿ ಅದೊಂದೇ. ಆದರೂ ಅಕ್ಕಾತಾಯಿ ಅತ್ತೆಯೊಡನೆ ಚಹಾ ಕುಡಿಯುತ್ತ ದನಿ ತಗ್ಗಿಸಿದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದೆ. ಹೇಳಿಬಿಟ್ಟಳೇನೋ! ಆಕೆ ನನ್ನನ್ನು ನಂಬುತ್ತಿರಲಿಲ್ಲ, ನಾನೂ ಆಕೆಯನ್ನು ನಂಬುತ್ತಿರಲಿಲ್ಲ. ಮೊದಮೊದಲು ವಾಕರಿಕೆ ಬಂದಾಗ, ಈ ಗುಳಿಗೆ ಮುಂದೆ ಮಕ್ಕಳೇ ಆಗದಂತೆ ಮಾಡುತ್ತದೋ ಏನೋ ಎಂಬ ಸಂಶಯ ಬೇರೆ.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮಲ್ಲಿ ಸೊಸೆಯಂದಿರು ಒಂಬತ್ತು ದಿನವೂ ಉಪವಾಸ. ದೇವರ ಕೋಣೆಯಲ್ಲಿ ಘಟ ಕೂರಿಸಿ, ಸುತ್ತಲಿನ ಮಣ್ಣಿನಲ್ಲಿ ಧಾನ್ಯ ಬಿತ್ತುತ್ತಾರೆ. ದಿನವೂ ನೀರು ಹಾಕುವ ಕೆಲಸ ನನ್ನದು. ಮೂರನೇ ದಿನ ಮೊಳಕೆ ಕಂಡಿತು. ದೇವಿಯ ಮುಂದೆ ಕಾಳು ಮೊಳೆಯುತ್ತಿರುವಾಗ, ಬಸಿರು ತಡೆಯುವ ಗುಳಿಗೆ ನುಂಗಲು ನನಗೆ ಹೆದರಿಕೆಯಾಯಿತು. ನುಂಗಲಿಲ್ಲ. ಆದರೆ ಅಕ್ಕಾತಾಯಿ ಪಟ್ಟಿ ನೋಡುತ್ತಾಳಲ್ಲ? ದಿನಕ್ಕೊಂದು ಒತ್ತಿ ತೆಗೆದು ಬಚ್ಚಿಟ್ಟೆ.

ದಸರೆ ಮುಗಿದ ಮರುದಿನ ಬಂದಳು. ಪಟ್ಟಿ ಸರಿಯಾಗಿಯೇ ಖಾಲಿಯಾಗಿತ್ತು.

"ಉಪವಾಸ ಮಾಡಿದಿ?"

"ಹೌದ್ರಿ."

"ಗುಳಿಗಿ?"

"ತಗೊಂಡೇನ್ರಿ."

ನೆಟ್ಟಗೆ ಅಂಗಳಕ್ಕೆ ನಡೆದಳು. ತುಳಸಿಯ ಬುಡಕ್ಕೆ ಬೆರಳು ಹಾಕಿ ಕೆದರಿದಳು. ನೀರಿಗೆ ಉಬ್ಬಿದ ಬಿಳಿ ಚೂರುಗಳು ಮೇಲೆ ಬಂದವು.

"ಬಚ್ಚಲಕ್ಕ ಒಗದ್ರ ಅತ್ತಿ ನೋಡ್ತಾಳ. ತುಳಸಿ ಬುಡಾ ಯಾರೂ ಕೆದರೂದಿಲ್ಲ. ನಾನೂ ಹಿಂಗ ಮಾಡಿದಾಕಿನ ಲೇ! ಸೋಮವಾರ, ಸಂಕಷ್ಟಿ, ಅಮಾಸಿ, ಎಲ್ಲಾ ಉಪವಾಸಕ್ಕೂ ಬಿಟ್ನಿ. ಅದರ ಪ್ರಸಾದ ನನ್ನ ನಾಕನೇ ಮಗಳು."

ನಗಬೇಕೆನಿಸಿತು, ಅಳು ಬಂತು. ಮುಂದಿನ ಮೂರು ವಾರ ಪುಸ್ತಕ ತೆರೆದರೆ ಅಕ್ಷರ ಕಾಣುತ್ತಿರಲಿಲ್ಲ. ಆಮೇಲೆ ಅಕ್ಕಾತಾಯಿ ತಂದ ಬಸಿರು ಪರೀಕ್ಷೆಯ ಕಾರ್ಡಿನಲ್ಲಿ ಒಂದೇ ಗೆರೆ ಮೂಡಿತು. ನಾನು ಕುಣಿಯುವುದೊಂದು ಬಾಕಿ. ಆಕೆ ಮಾತ್ರ ಅದನ್ನೂ ಕಿಟಕಿಗೆ ಹಿಡಿದು, "ಕಾರ್ಡೂ ಸುಳ್ಳ ಹೇಳ್ತೈತಿ. ಎಂಟ ದಿನಾ ಬಿಟ್ಟು ಮತ್ತ ನೋಡೂಣು" ಅಂದಳು. ಮತ್ತೆಯೂ ಒಂದೇ ಗೆರೆ. ಆಗ ನನ್ನ ತಲೆ ಸವರಿ, "ದೇವಿಗೆ ನಾ ಹೇಳ್ತೇನಿ. ನೀ ಓದ" ಎಂದಳು. ಅತ್ತೆಗೆ ಕೊನೆಯವರೆಗೂ ಹೇಳಲಿಲ್ಲ.

ಈಗ ನಾನು ಬೋರಗಾಂವದಲ್ಲಿ ಟೀಚರ್. ಅಕ್ಕಾತಾಯಿಯನ್ನು ಕೊನೆಯ ಸಲ ನೋಡಿದ್ದು ಶ್ರಾವಣದಲ್ಲಿ. ಬಿಪಿ ಬಂದು ಮನೆ ಹಿಡಿದಿದ್ದಳು. ದಿಂಬಿನ ಪಕ್ಕದ ಗುಳಿಗೆ ಪಟ್ಟಿಯನ್ನು ಎತ್ತಿ ಆಕೆಯ ಹಾಗೆಯೇ ಕಿಟಕಿಯ ಬೆಳಕಿಗೆ ಹಿಡಿದೆ. ಸರಿಯಾಗಿಯೇ ಖಾಲಿಯಾಗಿತ್ತು.

"ದಿನಾ ತಗೋತೀರಿ?"

"ಹೌದ್ರಿ ಟೀಚರ್" ಎಂದು ನಕ್ಕಳು. ನಾನೂ ನಕ್ಕೆ. ಚಹಾ ಕುಡಿದು ಬಸ್ಸು ಹತ್ತಿದೆ.

ಗಣಪತಿ ಕೂರುವ ಮೊದಲೇ ಲಕ್ವ ಹೊಡೆದು ಹೋಗಿಬಿಟ್ಟಳು. ತಿಂಗಳ ಮೇಲೆ ಆ ನಾಲ್ಕನೇ ಮಗಳು ಫೋನ್ ಮಾಡಿದಳು.

"ಅಕ್ಕಾ, ತುಳಸಿ ಮಣ್ಣ ಬದ್ಲಿ ಮಾಡಾಕತ್ತಿದ್ನಿ. ಬುಡದಾಗ ಬಿಳೀ ಗುಳಿಗಿ ಅದಾವು. ಅವ್ವ ಶ್ರಾವಣ ಪೂರ್ತಿ ಉಪವಾಸ ಇದ್ಲು."

ಆ ದಿನ ಪಟ್ಟಿ ಹಿಡಿದು ನಾನು ಕಿಟಕಿಯ ತನಕ ಹೋಗಿದ್ದೆ. ಅಂಗಳದ ತನಕ ಹೋಗಲಿಲ್ಲ.